‘ಸ’ ಒತ್ತಿದ್ದೇ ತಡ

ಕಾಂತರಾಜು ಒತ್ತಿದ್ದು ‘ಸ’ ಎಂಬ ಒಂದೇ ಒಂದು ಅಕ್ಷರ. ಅಷ್ಟಕ್ಕೇ ಮಗಳು ರಮ್ಯಶ್ರೀಯ ಮದುವೆ ಮಾತುಕತೆ ಮುರಿದು ಬೀಳುವ ಹಂತಕ್ಕೆ ಬಂತು!

ದೊಡ್ಡಬಳ್ಳಾಪುರದ ಅವರ ಮನೆಗೆ ಸೂಲಿಬೆಲೆಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗಿ ಒಪ್ಪಿಗೆ, ಹುಡುಗ ಒಪ್ಪಿಗೆ, ಕೇಸರಿಬಾತೂ ಒಪ್ಪಿಗೆ. ಉಳಿದದ್ದು ಮಂಟಪ.

“ಈಗ್ಲೇ ತೋರಿಸ್ತೀನಿ ಬೀಗರೇ, ಸೌಭಾಗ್ಯ ಮಂಟಪ!” ಕಾಂತರಾಜು ಮೊಬೈಲನ್ನು ಗೋಡೆಯಗಲದ ಟೀವಿಗೆ ಜೋಡಿಸಿ, ಹುಡುಕಬೇಕಾದ್ದನ್ನು ಬರೆಯುವ ಜಾಗದಲ್ಲಿ ಬೆರಳಿಟ್ಟರು. ಆ ಜಾಗಕ್ಕೆ ಹಿಂದೆ ಹುಡುಕಿದ್ದೆಲ್ಲ ನೆನಪಿರುತ್ತದೆ ಎಂಬುದು ಅವರಿಗೆ ನೆನಪಿರಲಿಲ್ಲ. ಒಂದಕ್ಷರ ಬಿದ್ದದ್ದೇ ಅದು ಬಾಯಿ ಬಿಟ್ಟಿತು:

‘ಸೂಲಿಬೆಲೆ ರಾಮಾಂಜಿನಪ್ಪನವರು ಕುಡಿಯುತ್ತಾರಾ ದಯವಿಟ್ಟು ತಿಳಿಸಿ’

‘ಸೂಲಿಬೆಲೆ ರಾಮಾಂಜಿನಪ್ಪ ತೋಟ ಸ್ವಂತದ್ದಾ’

‘ಸೂಲಿಬೆಲೆ ಜಯಕುಮಾರ್ ತಲೆಕೂದಲು ಅಸಲಿಯಾ’

ಗಂಡಿನ ತಂದೆ ರಾಮಾಂಜಿನಪ್ಪನವರ ಚಮಚ ಬಾಯಿಯ ಹತ್ತಿರ ನಿಂತೇಬಿಟ್ಟಿತು. ಮದುಮಗ ಜಯಕುಮಾರ್, ಪಾಪ, ತನ್ನ ಕೂದಲನ್ನು ತಾನೇ ಎಳೆದು ನೋಡಿಕೊಂಡ.

ಹೆಂಡತಿ ರುಕ್ಮಿಣಮ್ಮ ಹೋದ ತಿಂಗಳೇ ಹೇಳಿದ್ದರು. “ರೀ, ಸೂಲಿಬೆಲೆಗೆ ಹೋಗಿ ಡೈರಿ ಮುಂದೆ ಒಂದು ಟೀ ಕುಡೀರಿ. ಮನೆತನ ಎಂಥದ್ದು ಅಂತ ಅಲ್ಲೇ ಗೊತ್ತಾಗುತ್ತೆ.”

“ಟೀ ಅಂಗಡಿ ಅಂತೆ! ಯಾವ ಕಾಲದಲ್ಲಿದ್ದೀಯೇ? ಕೂತಲ್ಲೇ ಮೂರು ತಲೆಮಾರಿನ ಜಾತಕ ತೆಗೀತೀನಿ ನೋಡು!”

ಈಗ ಜಾತಕ ಗೋಡೆಯ ಮೇಲಿತ್ತು.

“ಅಳಿಸ್ರೀ!” ರುಕ್ಮಿಣಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದರು. ಗಾಬರಿಯಲ್ಲಿ ಕಾಂತರಾಜುವಿನ ಹೆಬ್ಬೆಟ್ಟು ಮೂರನೇ ಸಾಲಿನ ಮೇಲೆ ಬಿತ್ತು. ಟೀವಿ ತುಂಬ ವಿಗ್ಗುಗಳು! ಗುಂಗುರು ವಿಗ್ಗು, ಬೈತಲೆ ವಿಗ್ಗು, ‘ಮದುಮಗನಿಗೆ ವಿಶೇಷ ರಿಯಾಯಿತಿ’!

ರುಕ್ಮಿಣಮ್ಮ ಟೀವಿಯ ಪ್ಲಗ್ಗನ್ನೇ ಕಿತ್ತರು. ಅಡುಗೆಮನೆ ಬಾಗಿಲಲ್ಲಿ ರಮ್ಯಶ್ರೀಯ ಕಣ್ಣು ತುಂಬಿ ಬಂತು.

ಕಾಂತರಾಜು ಕೈಮುಗಿದರು. “ತಪ್ಪಾಯ್ತು. ಹೆಣ್ಣು ಹೆತ್ತೋನ ಆತಂಕ ಅಂದ್ಕೊಳ್ಳಿ. ಆದ್ರೂ ನಿಜ ಹೇಳಿ, ನೀವೂ ನನ್ನ ವಿಚಾರ ಮೊಬೈಲಲ್ಲಿ ಹುಡುಕಿರ್ತೀರ ಅಲ್ವಾ?” ಅವರ ದನಿಯಲ್ಲಿ ಒಂದು ಸಣ್ಣ ಆಸೆಯೂ ಇಣುಕುತ್ತಿತ್ತು. ಬಡಾವಣೆ ಸಂಘದ ಕಾರ್ಯದರ್ಶಿ, ಶಾಲು-ಹಾರ ಹಾಕಿಸಿಕೊಂಡವರು, ಏನಾದರೂ ಸಿಕ್ಕಿರಲೇಬೇಕು!

ರಾಮಾಂಜಿನಪ್ಪ ನಿಧಾನವಾಗಿ ಕೇಸರಿಬಾತು ನುಂಗಿದರು.

“ಹುಡುಕ್ದೆ ಸ್ವಾಮಿ. ಊರು, ಹೆಸರು, ಬಡಾವಣೆ ಎಲ್ಲಾ ಹಾಕ್ದೆ. ನೀವು ಭೂಮಿ ಮೇಲೆ ಇದ್ದೀರ ಅಂತ್ಲೇ ಅದಕ್ಕೆ ಗೊತ್ತಿಲ್ಲ! ಆಮೇಲೆ ನಿಮ್ಮ ಬೀದಿ ಟೀ ಅಂಗಡೀಲಿ ಕೇಳ್ದೆ. ‘ಯಜಮಾನ್ರದ್ದು ಬರೀ ಬಡಾಯಿ, ತಾಯಿ-ಮಗಳು ಮಾತ್ರ ಚಿನ್ನ’ ಅಂದ್ರು. ಅದಕ್ಕೇ ಬಂದ್ವಿ.”