ಪಿಂಚಣಿಯವರ ಪಜೀತಿ

ನಮ್ಮ ಮಧುಗಿರಿ ಸೀಮೆಯಲ್ಲಿ ಪಿಂಚಣಿಯಾದವರು ಸುಮ್ಮನೆ ಕೂತ ಉದಾಹರಣೆ ನಾನಂತೂ ಕಂಡಿಲ್ಲ. ನಾನೂ ಮೇಷ್ಟ್ರ ಕೆಲಸದಿಂದ ಬಿಡುಗಡೆಯಾದವನೇ. ಆಮೇಲೆ ಇಂಥ ತಮಾಷೆ ಒಂದಲ್ಲ ಒಂದು ಕಣ್ಣಿಗೆ ಬೀಳುತ್ತಲೇ ಇತ್ತು.

ಕಿಟಕಿಯ ಆಚೆ ಕಡೆ

ಶಿರಾದಲ್ಲಿ ನಮ್ಮ ಭಾವ ಪೋಸ್ಟ್‌ಮಾಸ್ಟರಾಗಿದ್ದವರು. ಪಿಂಚಣಿಯಾದ ಹೊಸತರಲ್ಲಿ ಮಗಳಿಗೆ ಉಪ್ಪಿನಕಾಯಿ ಪಾರ್ಸಲ್ ಕಳಿಸಲು ಅದೇ ಕಚೇರಿಗೆ ಹೋದರು. ಹಿಂದೆ ಅವರ ಕೈಕೆಳಗೆ ಪಳಗಿದ ಗುಮಾಸ್ತ ತಲೆಯೆತ್ತದೆ, "ಹೊತ್ತಾಯ್ತು, ನಾಳೆ ಬನ್ನಿ" ಅಂದನಂತೆ. ಮುಚ್ಚುವ ವೇಳೆ ಇನ್ನೂ ದೂರವಿತ್ತು. ಭಾವ ಪಾರ್ಸಲ್ ಹೊತ್ತುಕೊಂಡು ವಾಪಸು ಬಂದಾಗ, ಇನ್ನೇನು ರಂಪವಾಗುತ್ತದೋ ಎಂದು ಅಕ್ಕ ಹೆದರಿದಳು. ಅವರ ಮುಖ ನೋಡಿದರೆ ಹಬ್ಬದ ಕಳೆ.

"ನಾನು ಹೇಳಿಕೊಟ್ಟಿದ್ದನ್ನ ಒಂದಕ್ಷರ ಮರೆತಿಲ್ಲ ಕಣೇ," ಅಂದರು.

ದಿಬ್ಬದ ಮೇಲೆ

ಕೊರಟಗೆರೆ ಕಡೆ ಇದ್ದಿಲ ಗ್ಯಾಸಿನಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದ ಬಸ್ಸಿನ ಡ್ರೈವರಿಗೆ ಕಣ್ಣು ಮಂಜಾಗಿ, ಯಜಮಾನರು ಮನೆಗೆ ಕಳಿಸಿದರು. ಅವನು ಎತ್ತಿನ ಗಾಡಿ ಕೊಂಡು, ಅದಕ್ಕೆ ಬಸ್ಸಿನ ರಬ್ಬರ್ ಹಾರನ್ ಕಟ್ಟಿಕೊಂಡ. ಒಂದು ಸಂತೆಯ ದಿನ ನಾವು ಕೆಲವರು ಆ ಗಾಡಿ ಹತ್ತಿದ್ದೆವು. ದಿಬ್ಬ ಬಂದದ್ದೇ ತಡ, ಅವನು ಹಳೇ ಅಭ್ಯಾಸದಂತೆ, "ಎಲ್ಲಾ ಇಳ್ಕಳಿ, ವಸಿ ತಳ್ಳಿ" ಅಂದ. ಆ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದವರು ನಾವು. ಎಲ್ಲರೂ ದಡದಡ ಇಳಿದು ತಳ್ಳಿದೆವು. ಎತ್ತುಗಳು ಕತ್ತು ತಿರುಗಿಸಿ ನಮ್ಮನ್ನೇ ನೋಡಿದವು. ದಿಬ್ಬದ ಮೇಲೆ ಕುರಿ ಮೇಯಿಸುತ್ತಿದ್ದ ಮುದುಕಿ, ಎತ್ತಿಗೆ ಸೀಕು ಬಂದಿದೆಯಾ ಎಂದು ಕೇಳಿದಳು.

"ಎತ್ತಿಗೇನೂ ಆಗಿಲ್ಲ ಕಣಮ್ಮ," ಅಂದ ಅವನು. "ಇವ್ರು ಬಸ್ಸಿನ ಜನ."

ಅಡುಗೆಮನೆಯ ಚಾರ್ಜು

ಪಾವಗಡದಲ್ಲಿ ಅಮಲ್ದಾರರಾಗಿ ದರ್ಬಾರು ನಡೆಸಿದವರೊಬ್ಬರು ಪಿಂಚಣಿಯಾಗಿ ನಮ್ಮ ಬೀದಿಯಲ್ಲೇ ಮನೆ ಮಾಡಿದರು. ತನಿಖೆಗೆ ಬೇರೆ ಏನೂ ಸಿಗದೆ ಅಡುಗೆಮನೆಗೆ ನುಗ್ಗಿದರು. ಒಗ್ಗರಣೆಗೆ ಎಣ್ಣೆ ಜಾಸ್ತಿ, ಒಲೆಗೆ ಸೌದೆ ಜಾಸ್ತಿ ಎಂದು ದಿನವೂ ತಕರಾರು. ಅವರ ಹೆಂಡತಿ ಬಹಳ ದಿನ ಸಹಿಸಿ, ಕೊನೆಗೆ ಕೇಳಿದರಂತೆ: "ನಿಮಗೆ ಪಿಂಚಣಿ ಆಯ್ತು. ನನಗೆ ಯಾವಾಗ?"

ಮಾತಿನಲ್ಲಿ ಸೋತು ಗೊತ್ತಿಲ್ಲದ ಮನುಷ್ಯ, "ಇವತ್ತೇ" ಅಂದುಬಿಟ್ಟರು.

ಆಕೆ ಸೊಂಟದ ಬೀಗದ ಕೈ ಬಿಚ್ಚಿ ಅವರ ಕೈಗಿಟ್ಟು, ಹೊರಗೆ ಜಗಲಿ ಮೇಲೆ ನೆರೆಯವರೊಡನೆ ಚೌಕಾಬಾರ ಆಡಲು ಕೂತರು. ಸಂಜೆಗೆ ಮನಸ್ಸು ಕರಗೀತು ಅಂತ ಇವರ ಲೆಕ್ಕ. ಕರಗಲಿಲ್ಲ. ಹೊಗೆಗೆ ಕಣ್ಣು ಕೆಂಪಾಯಿತು, ಬೆರಳು ಸುಟ್ಟಿತು, ಮುದ್ದೆ ಗಂಟು ಗಂಟಾಯಿತು. ಆಕೆ ಉಂಡು, ಹುಳಿಗೆ ಉಪ್ಪೇಕಿಲ್ಲ ಎಂದು ಸಮಜಾಯಿಷಿ ಬೇರೆ ಕೇಳಿದರು. ಇವರು ಒಂದು ದಿನದ ರಜ ಬೇಡಿದರೆ, ಆಕೆ ಬದಲಿ ಜನ ಕೊಟ್ಟು ಹೋಗಿ ಅಂದರು. ಹಿಂದೆ ಗುಮಾಸ್ತರಿಗೆ ಇವರು ಹೇಳುತ್ತಿದ್ದ ಮಾತೇ ಅದು.

ವಾರ ಕಳೆಯುವುದರೊಳಗೆ ಅಮಲ್ದಾರರು ಕೋಟು ತೊಟ್ಟು, ಪೇಟ ಸುತ್ತಿ, ಜೊತೆಗೆ ನನ್ನನ್ನೂ ಎಳೆದುಕೊಂಡು ತುಮಕೂರಿಗೆ ಹೊರಟರು. ಯಾವ ಮೂಲೆಯಲ್ಲಾದರೂ ಸರಿ, ಎಂಥ ಚಾಕರಿಯಾದರೂ ಸರಿ, ಒಂದು ಕೆಲಸ ಕೊಡಿಸಿ ಎಂದು ದೊಡ್ಡ ಸಾಹೇಬರ ಮುಂದೆ ಕೈಮುಗಿದರು. ಸಾಹೇಬರಿಗೆ ಮರುಕ ಹುಟ್ಟಿತು.

"ಇಷ್ಟು ವರ್ಷ ದುಡಿದಿದ್ದೀರಿ. ಇನ್ನಾದರೂ ವಿಶ್ರಾಂತಿ ತಗೊಳ್ಳಬಾರದೇ?" ಅಂದರು.

ಅಮಲ್ದಾರರು ಸುಟ್ಟ ಬೆರಳನ್ನು ಊದಿಕೊಳ್ಳುತ್ತ ಅಂದರು: "ಅದಕ್ಕೇ ಸ್ವಾಮಿ, ಕೆಲಸ ಕೇಳ್ತಿರೋದು."