ಪಿಯಾ ಗುಣಮುಖಳಾದ ಗುರುವಾರ

ಡೌನ್ ಸಿಂಡ್ರೋಮ್ ಒಂದು ಹೆಚ್ಚುವರಿ ಕ್ರೋಮೋಸೋಮಿನಿಂದಾಗಿ ಹುಟ್ಟಿನಿಂದಲೇ ಬರುತ್ತದೆ, ಬದುಕಿರುವಷ್ಟು ದಿನವೂ ಇರುತ್ತದೆ. ಈ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಊರೊಂದರ ವಿಶೇಷ ನೆರವು ಮಂಡಳಿ ಮಾತ್ರ, ಆತುರದ ತೀರ್ಮಾನ ಬೇಡವೆಂದು ಪ್ರತಿ ಜುಲೈನಲ್ಲಿ ಮರುಪರಿಶೀಲನೆ ನಡೆಸುತ್ತದೆ.

ನೊಯ್ಲೀನಳ ಮಗಳು ಪಿಯಾಗೆ ಒಂಬತ್ತು ವರ್ಷ. ಮಂಡಳಿ ಕಳಿಸುವ ಮಾತಿನ ಟೀಚರ್ ವಾರಕ್ಕೆರಡು ಸಲ ಬಂದು ಕಲಿಸಿದ್ದರಿಂದ ಅವಳು ಆಗಷ್ಟೇ ಪೂರ್ಣ ವಾಕ್ಯ ಆಡತೊಡಗಿದ್ದಳು. ಮೊದಲನೆಯದು, "ನನ್ನ ಚಿಪ್ಸ್ ಮುಟ್ಟಬೇಡ." ಎರಡನೆಯದೂ ಹೆಚ್ಚುಕಡಿಮೆ ಅದೇ. ಮರುಪರಿಶೀಲನೆ ಮುಗಿಯುವವರೆಗೆ ಟೀಚರ್ ಬರುವಂತಿಲ್ಲ. ಕಳೆದ ಸಲ ಅದು ಮುಗಿಯಲು ಆರು ತಿಂಗಳು ಹಿಡಿದು, ಪಿಯಾ ಕಲಿತಿದ್ದ ಅರ್ಧ ಮಾತು ಮರೆತಿದ್ದಳು.

ಈ ಸಲದ ಅರ್ಜಿಯಲ್ಲಿ ಎರಡು ಹೊಸ ಪ್ರಶ್ನೆಗಳಿದ್ದವು. 'ಹೆಚ್ಚುವರಿ ಕ್ರೋಮೋಸೋಮು ಈಗಲೂ ಮಗುವಿನ ಬಳಿಯೇ ಇದೆಯೇ?' ಮತ್ತು 'ಪೂರ್ಣ ಗುಣಮುಖವಾಗುವ ದಿನಾಂಕ'. ಎರಡನೆಯದನ್ನು ಖಾಲಿ ಬಿಟ್ಟು ನೊಯ್ಲೀನ್ ಮಗಳೊಡನೆ ಮಂಡಳಿಯ ಕೌಂಟರಿಗೆ ಹೋದಳು. ಅಲ್ಲಿ ಕೂತಿದ್ದ ಡಾರಿಲ್ ನೊಯ್ಲೀನಳ ಶಾಲಾದಿನಗಳ ಸಹಪಾಠಿ.

"ದಿನಾಂಕ ಹಾಕಿಲ್ಲ ನೀನು."

"ಲೋ ಡಾರಿಲ್, ವಾಸಿ ಆಗೋಕೆ ಅದೇನು ಜ್ವರ ಅಲ್ಲ ಕಣೋ."

"ನಂಗೊತ್ತು ಕಣೇ. ಕಂಪ್ಯೂಟರಿಗೆ ಗೊತ್ತಿಲ್ಲ. ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ."

"ಶನಿವಾರ ಗ್ರೌಂಡಲ್ಲಿ ನಿನ್ನ ಕೈಯಿಂದ ಸಾಸೇಜ್ ಕಿತ್ಕೊಂಡು ತಿಂದ್ಳಲ್ಲ, ಆಗ ನೋಡ್ಲಿಲ್ವಾ ಇವಳನ್ನ?"

"ರಜಾ ದಿನ ನೋಡಿದ್ದು ಲೆಕ್ಕಕ್ಕಿಲ್ಲ."

ಪಿಯಾ ಕೌಂಟರಿನ ಮೇಲೆ ಗಲ್ಲ ಊರಿ ಕೇಳಿದಳು: "ಸಾಸೇಜ್ ಇದ್ಯಾ?"

"ಇಲ್ಲ ಪುಟ್ಟಿ, ಇದು ಆಫೀಸು."

"ಮತ್ತೆ ಯಾಕ್ ಬಂದ್ವಿ?"

ಈ ಪ್ರಶ್ನೆಗೆ ಉತ್ತರಿಸಲು ಮಂಡಳಿಯಲ್ಲಿ ನಿಗದಿತ ನಮೂನೆ ಇರಲಿಲ್ಲ.

ತಲೆ ಕೆಟ್ಟು ನೊಯ್ಲೀನ್ ಪೆನ್ನು ಕಿತ್ತುಕೊಂಡು 'ಈ ಗುರುವಾರ' ಎಂದು ಗೀಚಿದಳು. ಕಂಪ್ಯೂಟರು ಸಂತೋಷದಿಂದ ಮುಂದಕ್ಕೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಇಮೇಲ್ ಬಂತು: 'ತಮ್ಮ ಮಗಳು ನಿನ್ನೆ ಗುಣಮುಖಳಾದದ್ದಕ್ಕೆ ಮಂಡಳಿ ಹರ್ಷಿಸುತ್ತದೆ. ನೆರವನ್ನು ನಿಲ್ಲಿಸಲಾಗಿದೆ. ಸ್ಥಿತಿ ಮರುಕಳಿಸಿದಲ್ಲಿ ಹೊಸ ಅರ್ಜಿದಾರರಾಗಿ ಸಂಪರ್ಕಿಸುವುದು.'

ನೊಯ್ಲೀನ್ ಮನೆಯ ಚಪ್ಪಲಿಯಲ್ಲೇ ಕೌಂಟರಿಗೆ ಧಾವಿಸಿದಳು. ಅವಳು ಬಾಯಿ ತೆರೆಯುವ ಮೊದಲೇ ಡಾರಿಲ್ ಮುಂದಕ್ಕೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದ: "ಕೂಗಾಡ್ಬೇಡ ಮಾರಾಯ್ತಿ. ಮರುಪರಿಶೀಲನೆಗೆ ಆರು ತಿಂಗಳು, ಹೊಸಬರಿಗೆ ಮೂರೇ ದಿನ. ಯಾವಾಗ ಮರುಕಳಿಸ್ತು?"

ನೊಯ್ಲೀನ್ ಕೌಂಟರಿನ ಮೇಲಿದ್ದ ಪೆನ್ನು ಎತ್ತಿಕೊಂಡಳು. "ಇವತ್ತು ಬೆಳಿಗ್ಗೆ. ತಿಂಡಿ ಹೊತ್ತಿಗೆ."

"ಭೇಷ್. ಇಲ್ಲೊಂದು ಸೈನ್ ಹಾಕು."

ಬುಧವಾರ ಟೀಚರ್ ಬಂದರು. ಪಿಯಾ ಒಂದು ಮಾತನ್ನೂ ಮರೆತಿರಲಿಲ್ಲ. ಟೀಚರಿಗೂ ಚಿಪ್ಸ್ ಕೊಡಲಿಲ್ಲ.

ಈ ಉಪಾಯದ ಸುದ್ದಿ ಗುಟ್ಟಾಗಿ ಉಳಿಯಲಿಲ್ಲ. ಮರುವರ್ಷ ಮಂಡಳಿಯ ನೆರವು ಪಡೆಯುತ್ತಿದ್ದ ಆ ಸೀಮೆಯ ಹದಿನಾಲ್ಕೂ ಮಕ್ಕಳು ಜುಲೈನ ಒಂದೇ ಗುರುವಾರ ಗುಣಮುಖರಾಗಿ ಶುಕ್ರವಾರ ತಿಂಡಿ ಹೊತ್ತಿಗೆ ಯಥಾಸ್ಥಿತಿಗೆ ಬಂದರು. ನೂರಕ್ಕೆ ನೂರು ಗುಣಪಡಿಸಿದ ಮಂಡಳಿಗೆ ರಾಜ್ಯಮಟ್ಟದ ಫಲಕ ಬಂತು. ಕಾರಣ ಅರಿಯಲು ಬ್ರಿಸ್ಬೇನಿನಿಂದ ಬಂದ ತಜ್ಞರ ತಂಡ ಊರಿನ ನಲ್ಲಿ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು ಹೋಯಿತು.

ಈ ವರ್ಷ ಅದೇ ಗುರುವಾರ ಶಾಲೆಯ ಈಜು ಸ್ಪರ್ಧೆ ಇತ್ತು. ಪಿಯಾ ಎರಡನೇ ಲೇನಿನಲ್ಲಿದ್ದಳು. ಅವತ್ತು ಗುಣಮುಖಳಾಗಲು ತನಗೆ ಪುರುಸೊತ್ತಿಲ್ಲ ಎಂದಳು, ಪೂರ್ಣ ವಾಕ್ಯದಲ್ಲಿ. ನೊಯ್ಲೀನ್ ಗುಣಮುಖವಾಗುವ ದಿನಾಂಕಕ್ಕೆ ಐದು ದಿನಗಳ ಮುಂದೂಡಿಕೆ ಕೋರಿದಳು. ಕಾರಣ ಸಮಂಜಸವೆಂದು ಕಂಡು ಮಂಡಳಿ ಮಂಜೂರು ಮಾಡಿತು.