ಛಾವಣಿ ದುರಸ್ತಿಯ ದಿನ ಭೋಜನ ಮಿತಿಗೊಳಿಸುವ ಕುರಿತು

ಸಂತ ರಫಾಯೆಲ ಚರ್ಚ್ ಛಾವಣಿ ದುರಸ್ತಿ ಸಮಿತಿ
ಪುಲ್ಮಾವ್ ದ್ವೀಪ, ಚಿಲೊಯೆ

ಸಂಖ್ಯೆ: ಛಾದುಸ/ಭೋಜನ/4 (ಹಿಂದಿನ ಮೂರು ಸುತ್ತೋಲೆಗಳು ಸೋರಿಕೆಯಲ್ಲಿ ನೆನೆದು ಅಳಿಸಿಹೋಗಿವೆ)

ವಿಷಯ: ಮುಯ್ಯಾಳುಗಳು ಛಾವಣಿಯನ್ನು ತಿಂದು ಮುಗಿಸುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
(ಅ) ಈ ವರ್ಷದ ಚರ್ಚ್ ಹಬ್ಬದೊಳಗೆ ಛಾವಣಿ ಸರಿಯಾಗದಿದ್ದರೆ ಚರ್ಚಿಗೆ ಬೀಗ ಹಾಕಲಾಗುವುದೆಂಬ ಧರ್ಮಪ್ರಾಂತ್ಯದ ಪತ್ರ.
(ಆ) ಒರ್ಫೆಲಿನಾ ಅಜ್ಜಿಯ ಮೌಖಿಕ ಮನವಿ: "ನನ್ ಮದ್ವೆ ಆಗಿದ್ದು ಇಲ್ಲೇ. ನನ್ ಹೆಣದ್ ಪೆಟ್ಗೆನೂ ಈ ಬಾಗ್ಲಿಂದ್ಲೇ ಹೊರಗ್ ಹೋಗ್ಬೇಕು. ಬೀಗ ಹಾಕಿದ್ರೆ ಎಲ್ಲಿಗ್ ಹೋಗ್ಲಿ?"

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮರದ ಹಂಚುಗಳಿಗಾಗಿ ಸಮಿತಿಯು ಗುಂಡಿಯಲ್ಲಿ ಕಾದ ಕಲ್ಲಿನ ಮೇಲೆ ಚಿಪ್ಪುಮೀನು, ಮಾಂಸ, ಆಲೂಗಡ್ಡೆ ಬೇಯಿಸಿ ಮಾರಿ, ಮೂರು ಸಲ ಹಣ ಕೂಡಿಸಿದ್ದು ಸರಿಯಷ್ಟೆ. ಮಾರಿದವರೂ ನಾವೇ, ಕೊಂಡವರೂ ನಾವೇ. ಆದರೆ ಹಂಚು ಹೊಡೆಯಲು, ಕೂಲಿ ಕೇಳದ ಮುಯ್ಯಾಳುಗಳನ್ನು ಕರೆದಾಗ, ಕರೆದವರು ಹೊಟ್ಟೆ ತುಂಬ ಬಡಿಸಬೇಕೆಂಬ ದ್ವೀಪದ ಮರ್ಯಾದೆಗೆ ಕಟ್ಟುಬಿದ್ದು, ಅದೇ ಹಣದಲ್ಲಿ ಕುರಿಗಳನ್ನು ತರಲಾಯಿತು. ಮಿಕ್ಕ ಹಣಕ್ಕೆ ಬಂದ ಹಂಚುಗಳನ್ನು ಹೊಡೆದು ಮುಗಿಸಿದಾಗ ಇನ್ನೂ ಅಡುಗೆಯೇ ಆಗಿರಲಿಲ್ಲ. ಪರಿಶೀಲಿಸಲಾಗಿ, ಛಾವಣಿಯ ಬಹುಭಾಗವು ಸಮಿತಿಯ ಹೊಟ್ಟೆಯಲ್ಲಿರುವುದು ಕಂಡುಬಂದಿದೆ. ಆದಕಾರಣ ಸಕಲರಿಗೂ ತಿಳಿಯಪಡಿಸುವುದೇನೆಂದರೆ:

1. ಬಾಯಲ್ಲಿ ಮೊಳೆ ಕಚ್ಚಿಕೊಂಡಿರುವಾಗ ಆಲೂಗಡ್ಡೆ ರೊಟ್ಟಿಯನ್ನು ಬಾಯಿಗಿಡತಕ್ಕದ್ದಲ್ಲ. ಕಳೆದ ಬಾರಿ ಎರಡೂ ಒಟ್ಟಿಗೆ ಒಳಗೆ ಹೋಗಿ, ಮೊಳೆಯನ್ನು ಮರಳಿ ಪಡೆಯಲು ಸಮಿತಿಯು ಮರುದಿನದವರೆಗೆ ಕಾಯಬೇಕಾಯಿತು.

2. ಏಣಿಯನ್ನು ಒಬ್ಬರು ಮಾತ್ರ ಹಿಡಿಯತಕ್ಕದ್ದು. ಕಳೆದ ಬಾರಿ ಇಡೀ ಸಮಿತಿ ಏಣಿ ಹಿಡಿದಿದ್ದು, ಏಣಿಯ ಮೇಲೆ ಯಾರೂ ಇರಲಿಲ್ಲ.

3. ರುಚಿ ನೋಡುವ ಉಪಸಮಿತಿಯನ್ನು ವಿಸರ್ಜಿಸಲಾಗಿದೆ. ಅದರ ಅಧ್ಯಕ್ಷರೂ ಕೆಳಗೆ ಸಹಿ ಮಾಡಿದವರೂ ಒಬ್ಬರೇ. ಅವರ ಬೆಲ್ಟಿನ ಹೊಸ ತೂತನ್ನು ಪ್ರಗತಿ ವರದಿಯೆಂದು ಪರಿಗಣಿಸತಕ್ಕದ್ದಲ್ಲ.

4. ಸೋರುವ ಜಾಗದಲ್ಲಿ ಕೂತವರಿಗೆ ಪುಣ್ಯ ಹೆಚ್ಚೆಂದು ಖಜಾಂಚಿ ರೊಸಮೆಲ್ ಹೊರಡಿಸಿದ್ದ ಪ್ರಕಟಣೆಯನ್ನು ಹಿಂಪಡೆಯಲಾಗಿದೆ. ಖಜಾಂಚಿಯವರು ಇದುವರೆಗೆ ಒಣ ಮೂಲೆಯಲ್ಲಿಯೇ ಕೂತು ಬಂದಿರುತ್ತಾರೆ.

5. ಮುಂದಿನ ಸಲ ಎಲ್ಲರೂ ಮನೆಯಿಂದಲೇ ಬುತ್ತಿ ತರಬೇಕೆಂಬ ನಿರ್ಣಯವು ಸಭೆಯಲ್ಲಿ, "ಬುತ್ತಿನಾ? ನಮ್ಮನ್ನೇನ್ ಟೂರಿಸ್ಟು ಅಂದ್ಕೊಂಡ್ರಾ?" ಎಂಬ ಕೂಗಿನ ನಡುವೆ ಬಿದ್ದುಹೋಯಿತು. ಮಂಡಿಸಿದ ಅಧ್ಯಕ್ಷರೇ ವಿರುದ್ಧ ಮತ ಹಾಕಿದ್ದು ವಿಷಾದನೀಯ.

6. ಆಗ ಒರ್ಫೆಲಿನಾ ಅಜ್ಜಿಯವರು ಎದ್ದು ನಿಂತು, ತಮ್ಮ ಮಣ್ಣಿಗೆ ಬರುವ ಜನರ ಊಟಕ್ಕೆಂದು ಸಾಕಿರುವ ಹಂದಿಯನ್ನು ಸಮಿತಿಗೆ ಒಪ್ಪಿಸಿದರು. ಅಧ್ಯಕ್ಷರಿಗೆ ಅವರು ಹೇಳಿದ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಲೋ ನೊಲ್ಬೆರ್ತೊ, ನಾ ಸತ್ತಾಗ ತಿನ್ನೋಕ್ ಬರ್ತೀರಲ್ಲ, ಅದನ್ನ ಈಗ್ಲೇ ತಿಂದ್ಬಿಡ್ರೋ. ದುಡ್ಡೆಲ್ಲ ಹಂಚಿಗೇ ಹೋಗ್ಲಿ. ಕೊನೇ ಮೊಳೆ ಹೊಡ್ಯೋವರ್ಗೂ ಮಾತ್ರ ಹಂದಿ ಮುಟ್ಟೋ ಹಾಗಿಲ್ಲ!" ಸಮಿತಿಗೆ ನಾಚಿಕೆಯಾಯಿತೆಂದು ನಡಾವಳಿಯಲ್ಲಿ ನಮೂದಿಸಲಾಗಿದೆ.

7. ಆದ್ದರಿಂದ ಅಜ್ಜಿಯವರ ಶವಸಂಸ್ಕಾರದ ದಿನ ಊಟವಿರುವುದಿಲ್ಲ. ಒಲೆ ಉರಿಯುತ್ತಿಲ್ಲವೆಂದು ಯಾರೂ ಅರ್ಧಕ್ಕೆ ಎದ್ದು ಹೋಗತಕ್ಕದ್ದಲ್ಲ. ಸಕಲರೂ ಖಾಲಿ ಹೊಟ್ಟೆಯಲ್ಲಿ, ಕೊನೆಯ ಪ್ರಾರ್ಥನೆಯವರೆಗೆ, ಹೊಸ ಹಂಚಿನ ಕೆಳಗೆ ಹಾಜರಿರತಕ್ಕದ್ದು.

ಸಹಿ/-
ನೊಲ್ಬೆರ್ತೊ ಬಾರ್ರಿಯಾ
ಅಧ್ಯಕ್ಷ (ಏಣಿ ಹತ್ತಲು ತೂಕ ಇಳಿಸುತ್ತಿದ್ದಾರೆ)

ಪ್ರತಿಗಳು:
1. ಧರ್ಮಪ್ರಾಂತ್ಯದ ಕಚೇರಿಗೆ, ಬೀಗವನ್ನು ಬೇರೆಡೆ ಉಪಯೋಗಿಸಿಕೊಳ್ಳುವ ಸಲುವಾಗಿ.
2. ಖಜಾಂಚಿಯವರಿಗೆ, ಚರ್ಚಿನ ದೊಡ್ಡ ಸೌಟನ್ನು ಹಿಂತಿರುಗಿಸಲು.
3. ಹಂದಿಗೆ ಪ್ರತಿ ಕಳುಹಿಸಿಲ್ಲ.
4. ಪರಲೋಕದ ಸಂಬಂಧಪಟ್ಟ ಅಧಿಕಾರಿಗಳಿಗೆ: ಛಾವಣಿಯು ಹಬ್ಬದೊಳಗೆ ಸಿದ್ಧವಾಗಲಿದೆ. ಆದಾಗ್ಯೂ ಒರ್ಫೆಲಿನಾ ಅಜ್ಜಿಯವರ ಕಡತವನ್ನು ನಮ್ಮ ಸಮಿತಿಯ ವೇಗದಲ್ಲಿಯೇ ವಿಲೇವಾರಿ ಮಾಡಬೇಕೆಂದು ಕೈಮುಗಿದು ಕೋರಲಾಗಿದೆ.